ರೊಸೆಲ್ಲಾ ಪೆಟ್ಟಿಗೆಯಲ್ಲಿ ಗೊರವಂಕ

ಪತ್ರ: ಮೆಲ್ಬರ್ನಿನ ನಮ್ಮ ಹಿತ್ತಲಲ್ಲಿ ರೊಸೆಲ್ಲಾ ಗಿಳಿಗೆಂದು ಕಟ್ಟಿದ ಗೂಡುಪೆಟ್ಟಿಗೆಯನ್ನು ಗೊರವಂಕಗಳು ಹಿಡಿದಿವೆ. ಊರಲ್ಲಿ ದಿನವೂ ಅಂಗಳಕ್ಕೆ ಬರುವ ಹಕ್ಕಿ ಇಲ್ಲಿಯವರಿಗೆ ಯಾಕೆ ಬೇಡ? ಓಡಿಸಲೇಬೇಕೆ? – ಓದುಗರೊಬ್ಬರು

ಸಂಪಾದಕರ ಉತ್ತರ: ಓಡಿಸಬೇಕು. ಆದರೆ ಮೊದಲು ಗುರುತು ಖಚಿತ ಮಾಡಿಕೊಳ್ಳಿ. ಹಳದಿ ಕೊಕ್ಕಿನ, ಬೂದು ಮೈಯ ನಾಯ್ಸಿ ಮೈನರ್ ಅಲ್ಲಿನದೇ ಹಕ್ಕಿ, ಅದಕ್ಕೆ ಕಾನೂನಿನ ರಕ್ಷಣೆ ಇದೆ. ಅದು ಪೊಟರೆಯಲ್ಲಿ ಗೂಡು ಮಾಡುವುದೂ ಇಲ್ಲ. ಗೊರವಂಕದ ಮೈ ಕಂದು, ತಲೆ ಕಪ್ಪು, ಹಾರುವಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ ಕಾಣುತ್ತದೆ. ಪೆಟ್ಟಿಗೆಯ ಒಳಗಡೆಯೂ ಸುಳ್ಳು ಹೇಳುವುದಿಲ್ಲ: ರೊಸೆಲ್ಲಾ ಏನನ್ನೂ ತರದೆ ಮರದ ಹೊಟ್ಟಿನ ಮೇಲೆಯೇ ಬಿಳಿ ಮೊಟ್ಟೆ ಇಡುತ್ತದೆ. ಹುಲ್ಲು, ಕಡ್ಡಿ, ಪ್ಲಾಸ್ಟಿಕ್ ಚೂರು ತುರುಕಿದ್ದು, ನಡುವೆ ತಿಳಿನೀಲಿ ಮೊಟ್ಟೆ ಕಂಡರೆ ಗೊರವಂಕ, ಇಲ್ಲವೇ ಅದರಂತೆಯೇ ಹೊರಗಿನಿಂದ ಬಂದ ಸ್ಟಾರ್ಲಿಂಗ್.

ಯಾಕೆ ಬೇಡವೆಂದರೆ, ಅಲ್ಲಿ ಪೊಟರೆಗೆ ಬರ. ನಮ್ಮಲ್ಲಿ ಕುಟ್ರು ಹಕ್ಕಿ, ಮರಕುಟಿಗಗಳು ಹೊಸ ಹೊಸ ಪೊಟರೆ ಕೊರೆಯುತ್ತಲೇ ಇರುತ್ತವೆ. ಅವು ಬಿಟ್ಟದ್ದರಲ್ಲಿ ಗೊರವಂಕವೂ ಗಿಳಿಯೂ ಸಂಸಾರ ಹೂಡುತ್ತವೆ. ಆಸ್ಟ್ರೇಲಿಯಾದಲ್ಲಿ ಮರಕುಟಿಗವೇ ಇಲ್ಲ. ನೀಲಗಿರಿ ಮರದ ಕೊಂಬೆ ಮುರಿದು, ಶಿಲೀಂಧ್ರ, ಗೆದ್ದಲು ಒಳಗೆ ತಿಂದು ಗಿಳಿ ಹಿಡಿಸುವಷ್ಟು ಪೊಟರೆಯಾಗಲು ನೂರು ವರ್ಷಕ್ಕೂ ಮಿಕ್ಕಿ ಬೇಕು. ಅಂಥ ಹಳೆಯ ಮರಗಳನ್ನು ಕಡಿದದ್ದು ಮನುಷ್ಯರೇ, ಮೊದಲ ತಪ್ಪು ಅದು. 1862ರಲ್ಲಿ ತರಕಾರಿ ತೋಟದ ಹುಳ ತಿನ್ನಲೆಂದು ಮೆಲ್ಬರ್ನಿಗೆ ತಂದು ಬಿಟ್ಟ ಗೊರವಂಕ, ಉಳಿದ ಪೊಟರೆಗಳಿಗೂ ಪಾಲು ಕೇಳುತ್ತಿದೆ. ಒಂದರಲ್ಲಿ ಮರಿ ಮಾಡಿ, ಪಕ್ಕದ್ದಕ್ಕೂ ಕಸ ತುರುಕಿ ಇಡುತ್ತದೆ. ಕ್ಯಾನ್ಬೆರಾದ ಹಕ್ಕಿ ಗಣತಿಯಲ್ಲಿ ಗೊರವಂಕ ಹೆಚ್ಚಿದಂತೆ ಕ್ರಿಮ್ಸನ್ ರೊಸೆಲ್ಲಾ, ಅಲ್ಲಿನ ಮಿಂಚುಳ್ಳಿ ಜಾತಿಯ ಕೂಕಬರಾ ಇವುಗಳ ಸಂಖ್ಯೆ ಇಳಿದದ್ದು ಕಂಡಿದೆ.

ಪೆಟ್ಟಿಗೆಯ ಬಾಯಿ ಕಿರಿದು ಮಾಡಿ ಪ್ರಯೋಜನವಿಲ್ಲ, ರೊಸೆಲ್ಲಾ, ಗೊರವಂಕ ಎರಡರ ಮೈಗಾತ್ರವೂ ಹೆಚ್ಚುಕಡಿಮೆ ಒಂದೇ. ಬಾಯಿಯ ಮುಂದೆ, ಗಿಳಿ ನುಸುಳುವಷ್ಟು ಸಂದು ಬಿಟ್ಟು, ಅಡ್ಡಹಲಗೆ ಹೊಡೆಯಿರಿ. ಗಿಳಿ ಕೊಕ್ಕು, ಕಾಲು ಊರಿ ಹತ್ತಿ ಒಳಗೆ ಹೋಗುತ್ತದೆ. ನೇರ ಹಾರಿ ಬಂದು ಕೂರುವ ಗೊರವಂಕ ಹಿಂಜರಿಯುತ್ತದೆ. ಬಾಯಿಯ ಕೆಳಗೆ ಕೂರಲು ಕೋಲು ಇದ್ದರೆ ಕಿತ್ತುಹಾಕಿ. ಆದರೂ ಕೆಲವು ನುಗ್ಗುತ್ತವೆ, ಆದ್ದರಿಂದ ಸೆಪ್ಟೆಂಬರಿನಿಂದ ವಾರಕ್ಕೊಮ್ಮೆ ಮುಚ್ಚಳ ತೆಗೆದು, ಮೊಟ್ಟೆ ಇಡುವ ಮೊದಲೇ ಕಸ ಹೊರಗೆ ಹಾಕಿ. ಒಂದು ಸಲ ತೆಗೆದರೆ ಮತ್ತೆ ಕಟ್ಟುತ್ತವೆ, ಬೇಸರಿಸದೆ ಮತ್ತೆ ತೆಗೆಯಬೇಕು. ಮರಿ ಆಗಿಬಿಟ್ಟಿದ್ದರೆ ನೀವೇ ಕೈ ಹಾಕದೆ ಪ್ರಾಣಿವೈದ್ಯರನ್ನೋ ಸ್ಥಳೀಯ ಕೌನ್ಸಿಲ್ಲನ್ನೋ ಕೇಳಿ. ವಾರವಾರ ನೋಡಲು ಆಗದಿದ್ದರೆ ಪೆಟ್ಟಿಗೆಯನ್ನು ಇಳಿಸಿಬಿಡುವುದೇ ಮೇಲು. ನೋಡದೆ ಬಿಟ್ಟ ಪೆಟ್ಟಿಗೆ ಗೊರವಂಕ ಸಾಕಿದಂತೆ. ನಾಯಿಯ ಊಟದ ತಟ್ಟೆಯನ್ನೂ ಹಿತ್ತಲಲ್ಲಿ ಬಿಡಬೇಡಿ, ಎಷ್ಟೋ ಗೊರವಂಕಗಳು ನಿಮ್ಮಲ್ಲಿಗೆ ಬರುವುದು ಅದಕ್ಕೇ.