ಎದುರು ಪಕ್ಷದವರ ಓಟೋ, ಮನೆಯಲ್ಲೇ ಕೂತ ನಮ್ಮವರ ಓಟೋ?

ಪ್ರಶ್ನೆ: ನಾನೊಂದು ಪಕ್ಷದ ಕಾರ್ಯಕರ್ತ. ಕಳೆದ ಸಲ ಸ್ವಲ್ಪದರಲ್ಲೇ ಸೋತೆವು. ಈಗ ನಮ್ಮೊಳಗೇ ಜಗಳ. ಎದುರು ಪಕ್ಷಕ್ಕೆ ಓಟು ಹಾಕಿದವರನ್ನು ಸೆಳೆಯಬೇಕು ಅಂತ ಕೆಲವರು, ಮೊದಲು ನಮ್ಮವರನ್ನು ಗಟ್ಟಿ ಮಾಡಿಕೊಳ್ಳೋಣ ಅಂತ ಕೆಲವರು. ಯಾರ ಮಾತು ಸರಿ?

ಉತ್ತರ: ಆ ಕಡೆಯ ಒಬ್ಬರು ನಿಮ್ಮ ಕಡೆ ಬಂದರೆ ಅವರಿಗೆ ಒಂದು ಓಟು ಕಮ್ಮಿ, ನಿಮಗೆ ಒಂದು ಜಾಸ್ತಿ. ಅಂತರ ಎರಡು ಓಟಿನಷ್ಟು ಬದಲಾಗುತ್ತದೆ. ಮನೆಯಲ್ಲೇ ಉಳಿದ ನಿಮ್ಮವರು ಮತಗಟ್ಟೆಗೆ ಬಂದರೆ ಒಂದೇ. ಮೊದಲನೇ ಗುಂಪಿನ ವಾದಕ್ಕೆ ಇದೇ ಬಲ.

ಆದರೆ ಆ ಒಬ್ಬರ ಮನಸ್ಸು ತಿರುಗಿಸುವುದು ಎಷ್ಟು ಕಷ್ಟ ಅಂತ ಈ ಲೆಕ್ಕ ಹೇಳುವುದಿಲ್ಲ. ಅಮೆರಿಕದಲ್ಲಿ ಕಲ್ಲಾ ಮತ್ತು ಬ್ರೂಕ್‌ಮನ್ ಅನ್ನುವ ಇಬ್ಬರು ಸಂಶೋಧಕರು 49 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ 2018ರಲ್ಲಿ ಬರೆದರು: ಸಾರ್ವತ್ರಿಕ ಚುನಾವಣೆ ಹತ್ತಿರ ಬಂದ ಮೇಲೆ ಕರಪತ್ರ, ಫೋನು, ಮನೆ ಭೇಟಿ ಏನೇ ಮಾಡಿದರೂ ಮತದಾರರ ಆಯ್ಕೆ ಬದಲಾಗುವುದು ಸರಾಸರಿ ಹೆಚ್ಚುಕಮ್ಮಿ ಸೊನ್ನೆ. ಅದಕ್ಕೂ ಮೊದಲು, 1998ರಲ್ಲಿ, ಅಲ್ಲಿನ ನ್ಯೂ ಹೇವನ್ ನಗರದಲ್ಲಿ ಗರ್ಬರ್ ಮತ್ತು ಗ್ರೀನ್ ಅನ್ನುವ ಸಂಶೋಧಕರು ಇನ್ನೊಂದು ಪ್ರಯೋಗ ಮಾಡಿದ್ದರು. ಬಾಗಿಲಿಗೇ ಹೋಗಿ ಮುಖ ನೋಡಿ "ಓಟು ಹಾಕಿ ಬನ್ನಿ" ಅಂತ ಕೇಳಿಕೊಂಡ ಮನೆಗಳಲ್ಲಿ ಮತದಾನ ಚೆನ್ನಾಗಿ ಏರಿತು. ಫೋನ್ ಕರೆಯಿಂದ ಏನೂ ಆಗಲಿಲ್ಲ.

ಹಾಗಾಗಿ ನನ್ನ ಒಲವು ಮನೆಯಲ್ಲಿ ಕೂತವರ ಕಡೆಗೇ. ಆದರೆ ಅವರನ್ನು ಸೋಮಾರಿಗಳು ಅಂದುಕೊಳ್ಳಬೇಡಿ. ಮುಂಚೆ ನಿಮಗೇ ಓಟು ಹಾಕುತ್ತಿದ್ದವರು, ಆ ಕಡೆಗೂ ಹೋಗಲು ಮನಸ್ಸಾಗದೆ, ನಿಮ್ಮ ಕಡೆಗೂ ಬರಲಾಗದೆ ಸುಮ್ಮನಾದವರು ಅವರಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಅವರಿಗೆ ನೋವಾಗಿರುತ್ತದೆ. ಅವರ ಹತ್ತಿರ ಘೋಷಣೆ ಕೂಗಿದರೆ ಏನು ಪ್ರಯೋಜನ? ಕೂತು ಕೇಳಬೇಕು, ತಪ್ಪಾಗಿದ್ದರೆ ತಪ್ಪಾಯ್ತು ಅನ್ನಬೇಕು, ಅಲ್ವಾ?

ಓಟು ಎಲ್ಲಿಂದ ಬರುತ್ತದೆ ಅನ್ನುವುದೂ ಮುಖ್ಯ. ಬ್ರಿಟನ್ನಿನ ಲೇಬರ್ ಪಕ್ಷ 2017ರಲ್ಲಿ ಶೇ 40ರಷ್ಟು ಓಟು ಪಡೆದೂ 262 ಸೀಟು ಮಾತ್ರ ಗೆದ್ದಿತು. 2024ರಲ್ಲಿ ಶೇ 34ರ ಹತ್ತಿರ ಓಟಿಗೆ 411 ಸೀಟು ಬಂತು. ಎದುರಾಳಿಗಳ ಓಟು ಒಡೆದದ್ದು ಒಂದು ಕಾರಣ. ತಾವು ಹೇಗೂ ಗೆಲ್ಲುವ ಕಡೆ ಓಟು ರಾಶಿ ಹಾಕಿಕೊಳ್ಳದೆ, ಪೈಪೋಟಿ ಇರುವ ಕ್ಷೇತ್ರಗಳಿಗೆ ಗಮನ ಕೊಟ್ಟದ್ದು ಇನ್ನೊಂದು.

ಇನ್ನು ನಿಮ್ಮ ಜಗಳದ ವಿಷಯ. ಹಿಂದಿನ ಎರಡು ಚುನಾವಣೆಗಳ ಬೂತ್‌ವಾರು ಲೆಕ್ಕ ತೆಗೆದು ಎಲ್ಲರೂ ಒಟ್ಟಿಗೆ ಕೂತು ನೋಡಿ. ನಿಮ್ಮ ಓಟು ಇಳಿದಷ್ಟೇ ಅವರದು ಏರಿರುವ ಬೂತಿನಲ್ಲಿ ಜನ ಆ ಕಡೆ ಹೋಗಿರುವ ಸಾಧ್ಯತೆ ಜಾಸ್ತಿ. ಅಲ್ಲಿ ಮೊದಲನೇ ಗುಂಪಿನ ಮಾತು ಕೇಳಿ, ಕೆಲಸವನ್ನು ಈಗಲೇ ಶುರು ಮಾಡಿ, ಕೊನೇ ತಿಂಗಳಿಗೆ ಬಿಡಬೇಡಿ. ನಿಮ್ಮದು ಇಳಿದು, ಅವರದು ಅಷ್ಟೇ ಇದ್ದು, ಒಟ್ಟು ಮತದಾನವೂ ಕಮ್ಮಿ ಆಗಿದ್ದರೆ ನಿಮ್ಮವರು ಬಂದೇ ಇಲ್ಲದಿರುವ ಸಾಧ್ಯತೆ ಜಾಸ್ತಿ. ಆ ಬೀದಿಗಳಿಗೆ ಮೊದಲು ಹೋಗಿ.