ಕೆನಡಾದ ಒಂಟಾರಿಯೊ ಪ್ರಾಂತ್ಯದ ಶಾಲೆಗಳ ರಿಪೋರ್ಟ್ ಕಾರ್ಡ್‌ನಲ್ಲಿ ಕಲಿಕೆಯ ಅಭ್ಯಾಸಗಳಿಗೆ ಬೇರೆ ಗ್ರೇಡ್ ಯಾಕೆ?

ಪಾಠದ ಗ್ರೇಡಿನೊಳಗೆ ಅಭ್ಯಾಸವನ್ನೂ ಬೆರೆಸಿದರೆ, ಮಗು ಎಲ್ಲಿ ಎಡವುತ್ತಿದೆ ಅನ್ನೋದೇ ಕಾಣುವುದಿಲ್ಲ. ಅದಕ್ಕೇ ಬೇರೆ.

ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಭಿನ್ನರಾಶಿ ಲೆಕ್ಕ ನೀರು ಕುಡಿದಷ್ಟು ಸಲೀಸು ಅಂದುಕೊಳ್ಳಿ. ಆದರೆ ಮಾಡಿದ ಹಾಳೆ ಬ್ಯಾಗಿನ ತಳದಲ್ಲಿ ಮುದುಡಿ, ಬಾಳೆಹಣ್ಣಿನ ಕಲೆ ಹತ್ತಿಸಿಕೊಂಡು ಬಿದ್ದಿರುತ್ತದೆ. ಅದಕ್ಕಾಗಿ ಗಣಿತದ 'ಎ'ಯನ್ನು 'ಸಿ' ಮಾಡಿದರೆ, ಮನೆಯವರು ಅವಳನ್ನು ಗಣಿತದ ಟ್ಯೂಷನ್‌ಗೆ ಸೇರಿಸುತ್ತಾರೆ, ಅಲ್ವಾ? ಅವಳಿಗೆ ಬೇಕಿದ್ದದ್ದು ಒಂದು ಫೈಲು, ಜೊತೆಗೆ ದಿನಾ ಸಂಜೆ ಬ್ಯಾಗ್ ಜೋಡಿಸಿಕೊಳ್ಳುವ ರೂಢಿ. ಪಾಪ, ಸುಮ್ನೆ ಶಿಕ್ಷೆ.

ಒಂಟಾರಿಯೊದ 2010ರ ಮೌಲ್ಯಮಾಪನ ನೀತಿ ಇಂಥ 6 ಅಭ್ಯಾಸಗಳನ್ನು ಹೇಳುತ್ತದೆ: ಜವಾಬ್ದಾರಿ, ಅಚ್ಚುಕಟ್ಟು, ಸ್ವಂತವಾಗಿ ಕೆಲಸ ಮಾಡುವುದು, ಜೊತೆಗೂಡಿ ಮಾಡುವುದು, ತಾನೇ ಮುಂದಾಗುವುದು, ತನ್ನ ಕಲಿಕೆಯನ್ನು ತಾನೇ ಗಮನಿಸಿ ತಿದ್ದಿಕೊಳ್ಳುವುದು. ಗ್ರೇಡ್ 'ಇ' ಅಂದರೆ ಅತ್ಯುತ್ತಮ, 'ಜಿ' ಚೆನ್ನಾಗಿದೆ, 'ಎಸ್' ಪರವಾಗಿಲ್ಲ, 'ಎನ್' ಸುಧಾರಿಸಬೇಕು.

ನನ್ನ ಪ್ರಕಾರ ಕೊನೆಯ ಅಭ್ಯಾಸವೇ ಜಾಸ್ತಿ ಮುಖ್ಯ. 'ಎನ್' ಬಂದರೆ ಮಗುವನ್ನು ಬೈಯಬೇಡಿ. ಏನು ನೋಡಿ ಕೊಟ್ಟಿರಿ ಅಂತ ಟೀಚರನ್ನು ಕೇಳಿ.