ಹಣ ಹಂಚುವ ಮೊದಲು ಒಂದು ಚಿಮಣಿಯನ್ನು ಹುಡುಕಿ

ವಿಶ್ವವಿದ್ಯಾಲಯದಿಂದ ಹೊರಬರುತ್ತಿರುವ ಹವಾಮಾನ ತಂತ್ರಜ್ಞಾನದ ನವೋದ್ಯಮಗಳಿಗೆ ನೆರವಾಗಲು ನಿಮ್ಮ ಕೈಗೆ ಸಣ್ಣ ನಿಧಿಯೊಂದು ಬಂದಿದೆ. ಅದನ್ನು ಹತ್ತು ತಂಡಗಳಿಗೆ ಹಂಚಬೇಕೋ, ಎರಡಕ್ಕೇ ಕೊಡಬೇಕೋ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆ ನನ್ನ ಮೇಜಿನ ಮೇಲಿತ್ತು. ನಾನು ಎರಡು ತಂಡಗಳನ್ನು ಆರಿಸಿದೆ. ಅವುಗಳಲ್ಲಿ ಒಂದು ಮುಚ್ಚಿಹೋಯಿತು. ಅದಕ್ಕೆ ಕಾರಣ ನಾನೇ ಬರೆದ ಒಂದು ಷರತ್ತು.

ಆ ತಂಡದಲ್ಲಿ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿದ್ದರು. ಬಾಯ್ಲರ್ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಕಾಯಿಸಿದಾಗ ಬಿಟ್ಟುಕೊಡುವ ಅಮೀನ್ ಲೇಪಿತ ಗುಳಿಗೆಗಳನ್ನು ಅವರು ತಯಾರಿಸಿದ್ದರು. ಅಮೀನ್ ಎಂದರೆ ಆ ಅನಿಲವನ್ನು ಹಿಡಿದುಕೊಳ್ಳುವ, ಸಾರಜನಕವಿರುವ ಒಂದು ರಾಸಾಯನಿಕ. ಸಾಸಿವೆ ಕಾಳಿನಷ್ಟು ಗಾತ್ರದ, ಅಚ್ಚ ಬಿಳಿಯ ಆ ಗುಳಿಗೆಗಳು ಪ್ರಯೋಗಾಲಯದಲ್ಲಿ ಇನ್ನೂರು ಸುತ್ತು ಹೀರಿ ಬಿಟ್ಟ ಮೇಲೂ ಬಹುಪಾಲು ಮೊದಲಿನ ಸಾಮರ್ಥ್ಯವನ್ನೇ ಉಳಿಸಿಕೊಂಡಿದ್ದವು. ಎರಡನೆಯ ಕಂತು ಬೇಕಾದರೆ ಹೂಡಿಕೆದಾರರೊಬ್ಬರಿಂದ ಆಸಕ್ತಿ ಪತ್ರ ತರಬೇಕು ಎಂದು ನಾನು ಒಪ್ಪಂದದಲ್ಲಿ ಸೇರಿಸಿದೆ.

ಈ ಷರತ್ತು ಎಲ್ಲಿ ಕೆಟ್ಟಿತು ಎಂಬುದನ್ನು ಬಿಡಿಸಿ ಹೇಳಬೇಕು. ಒಂದು ತಂಡದ ದಿನಗಳು ಕಂತಿನ ಷರತ್ತು ಎತ್ತ ಎಳೆಯುತ್ತದೆಯೋ ಅತ್ತ ಹೋಗುತ್ತವೆ. ಅವರ ಎಂಟು ತಿಂಗಳು ಸ್ಲೈಡುಗಳಿಗೆ, ಭೇಟಿಗಳಿಗೆ ಹೋದವು. ಆ ಇನ್ನೂರು ಸುತ್ತುಗಳೂ ನಡೆದದ್ದು ಸಿಲಿಂಡರ್ ಅನಿಲದಲ್ಲಿ: ಶೇಕಡಾ 15 ಇಂಗಾಲದ ಡೈಆಕ್ಸೈಡ್, ಉಳಿದದ್ದು ಶುದ್ಧ ಸಾರಜನಕ. ಕಲ್ಲಿದ್ದಲಿನ ಹೊಗೆಯಲ್ಲಿಯೂ ಇಂಗಾಲದ ಡೈಆಕ್ಸೈಡ್ ಶೇಕಡಾ 12ರಿಂದ 15ರಷ್ಟು ಇರುವುದರಿಂದ ಅಂಕಿ ಸರಿಯಾಗಿದೆ ಎಂದು ನಾನು ನೆಮ್ಮದಿಯಿಂದಿದ್ದೆ. ಆದರೆ ಹೊಗೆಯ ಉಳಿದ ಭಾಗದಲ್ಲಿ ನೀರಾವಿ, ಆಮ್ಲಜನಕ, ಬೂದಿ, ಗಂಧಕದ ಡೈಆಕ್ಸೈಡ್ ಇರುತ್ತವೆ. ಗಂಧಕದ ಡೈಆಕ್ಸೈಡ್ ಅಮೀನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, ಇಂಗಾಲದ ಡೈಆಕ್ಸೈಡನ್ನು ಬಿಡಿಸುವ ಬಿಸಿಗೆ ಅದು ಜಗ್ಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಇನ್ನಷ್ಟು ಅಮೀನ್ ನಿಷ್ಪ್ರಯೋಜಕವಾಗುತ್ತದೆ. ಬಿಸಿಯಲ್ಲಿ ಆಮ್ಲಜನಕವೂ ಅಮೀನನ್ನು ಕೆಡಿಸುತ್ತದೆ. ಇದು ಹೊಸ ಸಂಗತಿಯೇನಲ್ಲ, ಆ ವಿದ್ಯಾರ್ಥಿಗಳಿಗೂ ಗೊತ್ತಿತ್ತು. ಮುಷ್ಟಿಗಾತ್ರದ ಕೊಳವೆಯೊಂದನ್ನು ನಿಜವಾದ ಬಾಯ್ಲರಿಗೆ ಎರಡು ವಾರ ಜೋಡಿಸಿ ನೋಡುತ್ತೇವೆ ಎಂದು ಅವರಲ್ಲಿ ಕಿರಿಯವಳು ನನ್ನನ್ನು ಎರಡು ಬಾರಿ ಕೇಳಿದಳು. ಪತ್ರ ಬರಲಿ, ಆಮೇಲೆ ನೋಡೋಣ ಎಂದೆ.

ಪತ್ರ ಬಂತು, ಹೂಡಿಕೆಯೂ ಬಂತು. ಕಾರ್ಖಾನೆಯೊಂದರ ಹಿತ್ತಲಿನಲ್ಲಿ ಲಾರಿಯಷ್ಟು ದೊಡ್ಡ ಘಟಕ ಎದ್ದು ನಿಂತಿತು. ಹನ್ನೊಂದನೆಯ ದಿನ ಒತ್ತಡದ ಮುಳ್ಳು ಏರುತ್ತಲೇ ಹೋಯಿತು. ಮುಚ್ಚಳ ತೆರೆದಾಗ ಬಿಳಿ ಗುಳಿಗೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಬೆರಳುಗಳ ನಡುವೆ ಉಜ್ಜಿದರೆ ಪುಡಿಯಾಗುತ್ತಿದ್ದವು, ಆ ಪುಡಿಯೇ ಕೆಳಗಿನ ಜಾಲರಿಯನ್ನು ಮುಚ್ಚಿಹಾಕಿತ್ತು. ಮೊದಲೇ ಹೊಗೆಯನ್ನು ಕ್ಷಾರದ್ರಾವಣದಲ್ಲಿ ತೊಳೆದು ಗಂಧಕವನ್ನು ತೆಗೆಯುವುದು, ಗುಳಿಗೆಯನ್ನು ಪುಡಿಯಾಗದಂತೆ ಹಿಡಿದಿಡುವ ಬಂಧಕವನ್ನು ಬದಲಿಸುವುದು, ಇವೆರಡೂ ಕೈಮೀರಿದ ಕೆಲಸಗಳಲ್ಲ. ಮುಷ್ಟಿಗಾತ್ರದಲ್ಲಿ ತಿಳಿದಿದ್ದರೆ ಅದು ಒಂದು ಪಾಠವಾಗುತ್ತಿತ್ತು. ಲಾರಿಗಾತ್ರದಲ್ಲಿ ತಿಳಿದದ್ದರಿಂದ ಮುಂದಿನ ಹೂಡಿಕೆ ನಿಂತಿತು, ಕಂಪನಿ ಮುಚ್ಚಿತು.

ಹಾಗಾಗಿ ಹತ್ತೋ ಎರಡೋ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ನಿಧಿಯ ದೊಡ್ಡ ಪಾಲನ್ನು ತಂಡಗಳಿಗೆ ಕೊಡಲೇಬೇಡಿ. ನಿಜವಾದ ಹೊಗೆ, ನಿಜವಾದ ಕೊಳಚೆನೀರು, ನಿಜವಾದ ವಿದ್ಯುತ್ ಜಾಲ ಸಿಗುವ ಪರೀಕ್ಷಾ ಸ್ಥಳಕ್ಕೂ, ಕವಾಟ ಮತ್ತು ಪೈಪುಗಳ ಕೆಲಸ ಬಲ್ಲ ಒಬ್ಬ ಅನುಭವಿ ಎಂಜಿನಿಯರಿಗೂ ಖರ್ಚು ಮಾಡಿ. ಉಳಿದದ್ದರಲ್ಲಿ ಸಂಸ್ಥಾಪಕರಿಗೆ ಎರಡು ವರ್ಷ ಸಂಬಳ ಕೊಡಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ 2014ರಲ್ಲಿ ಶುರುವಾದ ಸೈಕ್ಲೋಟ್ರಾನ್ ರೋಡ್ ಎಂಬ ನವೋದ್ಯಮಿಗಳ ಕಾರ್ಯಕ್ರಮ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ: ಜೀವನವೇತನ, ಪ್ರಯೋಗಾಲಯ, ಎರಡು ವರ್ಷಗಳ ಕಾಲಾವಕಾಶ. ಷೇರು ಕೇಳಬೇಡಿ, ಆರಂಭದಲ್ಲೇ ವಿಶ್ವವಿದ್ಯಾಲಯದ ಪಾಲು ದೊಡ್ಡದಾದರೆ ಮುಂದೆ ಬರುವ ಹೂಡಿಕೆದಾರರು ಹಿಂಜರಿಯುತ್ತಾರೆ.

ಹೂಡಿಕೆದಾರರನ್ನು ನಾನು ದೂರುತ್ತಿಲ್ಲ, ಅವರ ಗಡಿಯಾರವೇ ಬೇರೆ. 2006ರಿಂದ 2011ರ ನಡುವೆ ಸಾಹಸ ಬಂಡವಾಳ (ವೆಂಚರ್ ಕ್ಯಾಪಿಟಲ್) ನಿಧಿಗಳು ಸ್ವಚ್ಛ ತಂತ್ರಜ್ಞಾನದಲ್ಲಿ 2,500 ಕೋಟಿ ಡಾಲರಿಗೂ ಹೆಚ್ಚು ತೊಡಗಿಸಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡವು ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಲೆಕ್ಕಹಾಕಿದ್ದಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಿಂದ 2009ರಲ್ಲಿ ಹೊರಬಂದ ಕ್ಲೈಮ್‌ವರ್ಕ್ಸ್ ಕಂಪನಿ, ಗಾಳಿಯಿಂದ ನೇರವಾಗಿ ಇಂಗಾಲದ ಡೈಆಕ್ಸೈಡ್ ಹಿಡಿಯುವ ತನ್ನ ಮೊದಲ ವಾಣಿಜ್ಯ ಘಟಕವನ್ನು ಅದೇ ದೇಶದ ಹಿನ್ವಿಲ್‌ನ ಕಸ ಸುಡುವ ಸ್ಥಾವರದ ಚಾವಣಿಯ ಮೇಲೆ ಆರಂಭಿಸಿದ್ದು 2017ರಲ್ಲಿ. ಎಂಟು ವರ್ಷ. ನಾನು ನನ್ನ ತಂಡಕ್ಕೆ ಕೊಟ್ಟದ್ದು ಹದಿನೆಂಟು ತಿಂಗಳು.

ಆಮೇಲಿನ ತಂಡಗಳಿಗೆ ನಾನು ಷರತ್ತು ಬದಲಿಸಿದೆ: ನೈಜ ಸ್ಥಳದಲ್ಲಿ ಎರಡು ವಾರ ಓಡಿಸಿದ ಅಂಕಿಅಂಶ ತಂದರೆ, ಅದು ಕೆಟ್ಟ ಫಲಿತಾಂಶವಾಗಿದ್ದರೂ, ಮುಂದಿನ ಕಂತು ಸಿಗುತ್ತದೆ. ಇದಕ್ಕೆ ಕಾರ್ಖಾನೆಯೊಂದರ ಒಪ್ಪಿಗೆ ಬೇಕು. ಸುರಕ್ಷತೆ, ವಿಮೆ, ಹೊಣೆಗಾರಿಕೆಯ ಕಾಗದಗಳನ್ನು ಮುಗಿಸಲು ನಮಗೆ ಏಳು ತಿಂಗಳು ಹಿಡಿಯಿತು. ಅರ್ಜಿ ಆಹ್ವಾನಿಸುವ ಪ್ರಕಟಣೆಗಿಂತ ಮೊದಲು ಆ ಕಾರ್ಖಾನೆಗೆ ಪತ್ರ ಬರೆಯಿರಿ.